ಪುಟ್ಟ ಮಕ್ಕಳೊಡನೆ ಥೀಮ್ ಪಾರ್ಕಿಗೆ ಹೋಗುವ ಕೊಡಗಿನ ಕುಟುಂಬಗಳಿಗೆ: ಬೆಳಗ್ಗೆಯಿಂದ ಬೇಡ, ಮಧ್ಯಾಹ್ನ ಕಳೆದ ಮೇಲೆ ಹೋಗಿ

ಸುಂಟಿಕೊಪ್ಪದ ತೋಟದ ಮನೆ:

ಕಾಫಿ ಮತ್ತು ಕರಿಮೆಣಸಿನ ಕೊಯ್ಲು ಮುಗಿದು, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಯ ಆತಂಕವೂ ಕಳೆದು, ಮಕ್ಕಳಿಗೆ ಬೇಸಿಗೆ ರಜೆ ಬಂದಿತೆಂದರೆ ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ಥೀಮ್ ಪಾರ್ಕಿನ ಮಾತು ಶುರುವಾಗುತ್ತದೆ. ಮಳೆಗಾಲ ಹಿಡಿದರೆ ಮತ್ತೆ ದಸರಾ ರಜೆಯವರೆಗೆ ಎಲ್ಲಿಗೂ ಹೊರಡಲಾಗದು ಎಂಬುದು ಮಕ್ಕಳಿಗೂ ಗೊತ್ತು. ಈ ಬಗ್ಗೆ ಇಲ್ಲಿ ಯಾರು ಕೇಳಿದರೂ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಲ್ಲಬೇಕೆಂಬ ಉತ್ತರವೇ ಬರುತ್ತಿದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿರುವವರಿಗೆ ಆ ಸಲಹೆ ಸರಿಯಾದೀತು. ಆದರೆ ಆರೇಳು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವವರು ಇಡೀ ಹಗಲನ್ನು ಪಾರ್ಕಿನೊಳಗೆ ಕಳೆಯುವ ಬದಲು, ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಎಬ್ಬಿಸಿಕೊಂಡು, ಮೂರು ಗಂಟೆಯ ಮೇಲೆ ಒಳಗೆ ಹೋಗಿ, ದೀಪ ಹೊತ್ತುವವರೆಗೆ ಇದ್ದು ಬರುವುದೇ ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾರಣಗಳನ್ನು ಬರೆಯುತ್ತೇನೆ, ಒಪ್ಪದವರು ದಯವಿಟ್ಟು ವಾದ ಮಾಡಿ.

ನಮ್ಮ ಮನೆಯಲ್ಲಿ ಆರು ವರ್ಷದ ಮಗಳು ಮತ್ತು ಮೂರು ವರ್ಷದ ಮಗ ಇದ್ದಾರೆ. ಅವರ ಜೊತೆಗೆ ನನ್ನ ಅಮ್ಮನೂ ಬಂದಿದ್ದರು. ನಾವು ಹೋದದ್ದು ಬಿಡದಿಯ ವಂಡರ್‌ಲಾಗೆ. 2005ರಲ್ಲಿ ಆರಂಭವಾದ ಈ ಪಾರ್ಕಿನಲ್ಲಿ ನೀರಿನ ಆಟಗಳು ಮತ್ತು ಒಣ ರೈಡುಗಳು ಎರಡೂ ಇವೆ. ನಸುಕಿನಲ್ಲೇ ಮನೆ ಬಿಟ್ಟು, ಹೋದ ಕೂಡಲೇ ಹತ್ತಿರದ ವಸತಿಗೃಹವೊಂದರಲ್ಲಿ ಕೋಣೆ ಹಿಡಿದು, ಸ್ನಾನ ಮತ್ತು ಊಟ ಮುಗಿಸಿ, ಪರದೆ ಎಳೆದು ಎಲ್ಲರೂ ಮಲಗಿದೆವು. ಪಾರ್ಕಿನ ಬಾಗಿಲು ಇಷ್ಟು ಹತ್ತಿರವಿರುವಾಗ ಮಲಗುವುದೇ ಎಂದು ಮಗಳು ಸ್ವಲ್ಪ ಹೊತ್ತು ಗೊಣಗಿದಳಾದರೂ ಎಲ್ಲರಿಗಿಂತ ಗಾಢವಾಗಿ ನಿದ್ರಿಸಿದವಳು ಅವಳೇ.

ಮೊದಲನೆಯ ಕಾರಣ ಬಿಸಿಲು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ತೋಟದ ಮರಗಳ ನೆರಳಿನಲ್ಲೇ ಆಡಿ ಬೆಳೆಯುವ ನಮ್ಮ ಮಕ್ಕಳಿಗೆ ಏಪ್ರಿಲ್ ಮತ್ತು ಮೇ ತಿಂಗಳ ಬಯಲುಸೀಮೆಯ ನಡುಮಧ್ಯಾಹ್ನದ ಅಭ್ಯಾಸವೇ ಇರುವುದಿಲ್ಲ. ಕಾದ ಕಾಂಕ್ರೀಟ್ ನೆಲದ ಮೇಲೆ ಬರಿಗಾಲಿನಲ್ಲಿ ಒಂದು ಕೊಳದಿಂದ ಇನ್ನೊಂದಕ್ಕೆ ಓಡಬೇಕಾದಾಗ ಆ ಕಷ್ಟ ಕಣ್ಣಿಗೆ ಕಾಣುತ್ತದೆ. ಮೂರೂವರೆಯ ಹೊತ್ತಿಗೆ ನೆಲ ಇನ್ನೂ ಬೆಚ್ಚಗಿರುತ್ತದೆ, ಸುಡುವುದಿಲ್ಲ.

ಎರಡನೆಯದು ಆಟಗಳನ್ನು ಜೋಡಿಸಿಕೊಳ್ಳುವ ಕ್ರಮ. ಸಂಜೆ ಹೋಗುವವರು ನೀರಿನ ಆಟಗಳನ್ನು ಮೊದಲು ಮುಗಿಸಬೇಕು. ಹಗಲಿನ ಬಿಸಿಲಿಗೆ ಮಕ್ಕಳ ಕೊಳದ ನೀರು ಹದವಾಗಿ ಬೆಚ್ಚಗಾಗಿರುತ್ತದೆ ಮತ್ತು ಒದ್ದೆ ಮೈಗೆ ತಂಗಾಳಿ ತಗಲುವ ಮುನ್ನ ಮಕ್ಕಳು ಹೊರಗೆ ಬಂದು ಒಣಬಟ್ಟೆ ತೊಡಬಹುದು. ನಾವು ಐದರ ಒಳಗೆ ನೀರಿನ ಕಡೆಯಿಂದ ಎದ್ದು ಬಂದೆವು. ಬೆಳಗ್ಗೆ ಬಂದ ದೊಡ್ಡ ಗುಂಪುಗಳು ಒಣ ರೈಡುಗಳನ್ನು ಮುಗಿಸಿ ಅದೇ ಹೊತ್ತಿಗೆ ಅಲೆಗಳ ಕೊಳದತ್ತ ಸಾಗಿದ್ದವು. ಹೀಗಾಗಿ ಪುಟ್ಟ ಮಕ್ಕಳ ರೈಡುಗಳ ಮುಂದೆ ಸರದಿ ಇರಲಿಲ್ಲ.

ಸರದಿ ಇಲ್ಲದಿರುವುದರ ಬೆಲೆ ಮೂರು ವರ್ಷದ ಮಗು ಜೊತೆಗಿದ್ದವರಿಗಷ್ಟೇ ಪೂರ್ತಿ ಅರ್ಥವಾಗುತ್ತದೆ. ಹಿರಿಯರಾದ ನಮಗೆ ಎಲ್ಲ ಆಟಗಳನ್ನೂ ಒಂದೊಂದು ಸಲ ನೋಡಿಬಿಡುವ ಆಸೆ. ಮಗುವಿಗೆ ಬೇಕಾದದ್ದು ಒಂದೇ ಆಟ, ಆದರೆ ಅದು ಮತ್ತೆ ಮತ್ತೆ ಬೇಕು. ನನ್ನ ಮಗ ಕುಪ್ಪಳಿಸುವ ಕಪ್ಪೆಯ ಆಸನದಿಂದ ಇಳಿದ ಕೂಡಲೇ ಓಡಿಹೋಗಿ ಪುನಃ ಅದೇ ಬಾಗಿಲಿನಲ್ಲಿ ನಿಲ್ಲುತ್ತಿದ್ದ. ಮೊದಲ ಸಲ ಅವನ ಮುಖದಲ್ಲಿ ಭಯವಿತ್ತು, ಆಮೇಲೆ ಕುತೂಹಲ ಬಂದಿತು, ಕೊನೆಗೆ ಪಕ್ಕದಲ್ಲಿ ಕುಳಿತ ಅಪರಿಚಿತ ಹುಡುಗಿಗೆ ಹೇಗೆ ಹಿಡಿದುಕೊಳ್ಳಬೇಕೆಂದು ಹೇಳಿಕೊಡುವಷ್ಟು ಧೈರ್ಯ ಬಂದಿತು. ಪ್ರತಿ ಸಲವೂ ಮುಕ್ಕಾಲು ಗಂಟೆ ಕಾಯಬೇಕಾಗಿದ್ದರೆ ಅವನು ಆ ಮೊದಲ ಭಯದಲ್ಲೇ ಮನೆಗೆ ಮರಳುತ್ತಿದ್ದ.

ಮೂರನೆಯ ಕಾರಣ ನನ್ನ ಅಮ್ಮ. ವಯಸ್ಸಾದವರನ್ನು ಬೆಳಗ್ಗೆಯಿಂದ ಬ್ಯಾಗುಗಳ ಕಾವಲಿಗೆ ಕೂರಿಸುವುದು ನನಗೆ ಯಾವಾಗಲೂ ನೋವಿನ ಸಂಗತಿಯಾಗಿತ್ತು. ವಾಲ್ಟ್ ಡಿಸ್ನಿ ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನ ಬೆಂಚಿನ ಮೇಲೆ ಕುಳಿತು, ತಮ್ಮ ಹೆಣ್ಣುಮಕ್ಕಳು ಮೇರಿ ಗೋ ರೌಂಡಿನಲ್ಲಿ ಸುತ್ತುವುದನ್ನು ನೋಡುತ್ತಿದ್ದಾಗ, ಹೆತ್ತವರೂ ಮಕ್ಕಳೂ ಒಟ್ಟಿಗೆ ಸಂತೋಷಪಡುವ ಒಂದು ಜಾಗ ಇರಬೇಕೆಂದು ಅವರಿಗೆ ಅನಿಸಿತಂತೆ. 1955ರ ಜುಲೈ 17ರಂದು ಅನಹೈಮ್‌ನಲ್ಲಿ ತೆರೆದ ಡಿಸ್ನಿಲ್ಯಾಂಡಿನ ಹಿಂದೆ ಆ ಬೆಂಚಿನ ಯೋಚನೆ ಇದೆ. ಬೆಂಚಿನ ಮೇಲೆ ಕುಳಿತವರಿಗೂ ಸಂತೋಷ ಸಿಗಬೇಕೆಂಬುದು ಥೀಮ್ ಪಾರ್ಕಿನ ಮೂಲ ಉದ್ದೇಶವೇ ಆಗಿದ್ದರೆ, ನಾವು ನಮ್ಮ ಹಿರಿಯರಿಗೆ ಬಿಸಿಲು ಇಳಿದ ಹೊತ್ತನ್ನಾದರೂ ಕೊಡಬೇಕು. ಅಮ್ಮ ಮೊಮ್ಮಗಳ ಜೊತೆ ಮೇರಿ ಗೋ ರೌಂಡಿನ ಕುದುರೆಗಳ ಮೇಲೆ ಸುತ್ತಿದರು ಮತ್ತು ಕತ್ತಲಾದ ಮೇಲೆ ಕಾರಂಜಿಯ ಮುಂದೆ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೊನೆಯವರೆಗೂ ನೋಡಿದರು.

ಒಂದು ಎಚ್ಚರಿಕೆ ಇದೆ. ವಂಡರ್‌ಲಾದಲ್ಲಿ ವಾರದ ದಿನಗಳಿಗಿಂತ ರಜಾದಿನಗಳಲ್ಲಿ ಸ್ವಲ್ಪ ತಡವಾಗಿ ಮುಚ್ಚುತ್ತಾರೆ. ಆ ವ್ಯತ್ಯಾಸದಿಂದ ಸಂಜೆಯ ಲೆಕ್ಕವೇ ಬದಲಾಗುತ್ತದೆ. ಸಮಯ ಋತುವಿಗೆ ತಕ್ಕಂತೆ ವ್ಯತ್ಯಾಸವಾಗುವುದರಿಂದ ಹೊರಡುವ ಹಿಂದಿನ ದಿನ ಕೇಳಿ ತಿಳಿದುಕೊಳ್ಳಿ.

ಗೋಣಿಕೊಪ್ಪದ ವ್ಯಾಪಾರಿ:

ನಿಮ್ಮ ಬರಹವನ್ನು ಗೌರವದಿಂದ ಓದಿದೆ, ಆದರೆ ನಾನು ಒಪ್ಪಲಾರೆ. ಹೆಚ್ಚಿನ ಪಾರ್ಕುಗಳಲ್ಲಿ ಬೆಳಗ್ಗೆ ಬಂದವರಿಗೂ ಮೂರು ಗಂಟೆಗೆ ಬಂದವರಿಗೂ ಟಿಕೆಟ್ ದರ ಒಂದೇ. ನಾವು ಅಣ್ಣತಮ್ಮಂದಿರ ಎರಡು ಸಂಸಾರಗಳು ಒಟ್ಟಿಗೆ ಹೋಗುವವರು. ಎಲ್ಲರ ಟಿಕೆಟ್, ಗಾಡಿಯ ಡೀಸೆಲ್, ನೀವು ಹೇಳುವ ಕೋಣೆಯ ಬಾಡಿಗೆ, ಒಳಗಿನ ಊಟ ಇವನ್ನೆಲ್ಲ ಕೂಡಿಸಿದರೆ ಒಂದು ಸಂಸಾರದ ತಿಂಗಳ ದಿನಸಿಯ ಹಣವಾಗುತ್ತದೆ. ಅಷ್ಟು ಕೊಟ್ಟು ಮೂರು ನಾಲ್ಕು ಗಂಟೆ ಮಾತ್ರ ಆಡಿಸಿಕೊಂಡು ಬರುವುದು ಅನುಕೂಲಸ್ಥರ ಮಾತು. ನಮ್ಮಂಥವರು ವರ್ಷಕ್ಕೊಮ್ಮೆ ಹೋಗುವುದೇ ಹೆಚ್ಚು. ಹಾಗಿರುವಾಗ ಮಗು ದಣಿದರೆ ಅಲ್ಲೇ ಮರದ ನೆರಳಿನಲ್ಲಿ ಚಾಪೆ ಹಾಸಿ ಮಲಗಿಸಬಹುದಲ್ಲವೇ?

ಇನ್ನೊಂದು ವಿಷಯವೂ ಇದೆ. ನಿಮ್ಮ ಮನೆಯಲ್ಲಿ ಇಬ್ಬರೂ ಚಿಕ್ಕವರು. ನಮ್ಮ ಗುಂಪಿನಲ್ಲಿ ಎರಡು ವರ್ಷದ ಕೂಸಿನಿಂದ ಹದಿನಾಲ್ಕರ ಹುಡುಗನವರೆಗೆ ಎಲ್ಲ ವಯಸ್ಸಿನವರೂ ಇರುತ್ತಾರೆ. ಚಿಕ್ಕವರ ನಿದ್ದೆಗಾಗಿ ದೊಡ್ಡವನ ಹಗಲನ್ನು ಕೋಣೆಯಲ್ಲಿ ಕೂಡಿಹಾಕುವುದು ನ್ಯಾಯವೇ ಎಂದು ಕೇಳುತ್ತೇನೆ.

ಸುಂಟಿಕೊಪ್ಪದ ತೋಟದ ಮನೆ:

ಅಣ್ಣ, ಹಣದ ಮಾತನ್ನು ನೀವು ಎತ್ತಿದ್ದು ಒಳ್ಳೆಯದಾಯಿತು. ಕಾಫಿ ಬೆಲೆ ಒಂದು ವರ್ಷ ಏರಿದ್ದು ಮರುವರ್ಷ ಉಳಿಯುತ್ತದೆಂಬ ಭರವಸೆ ನಮಗೂ ಇಲ್ಲ. ಆದರೆ ಟಿಕೆಟ್ಟಿನ ಬೆಲೆ ಬಂದಿತೇ ಎಂಬುದನ್ನು ಗಂಟೆಗಳಿಂದ ಅಳೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಒಳಹೋದ ಮೂರು ವರ್ಷದ ಮಗು ಎರಡು ಗಂಟೆಯ ಮೇಲೆ ಆಟವಾಡುವುದಿಲ್ಲ. ಅದು ಹೆಗಲ ಮೇಲೆ ಅಳುತ್ತಿರುತ್ತದೆ, ಇಲ್ಲವೇ ನಿದ್ದೆ ಹೋಗಿರುತ್ತದೆ. ಆ ಗಂಟೆಗಳಿಗೂ ನಾವು ಹಣ ಕೊಟ್ಟಿರುತ್ತೇವೆ. ದೀಪಗಳು ಹೊತ್ತಿಕೊಂಡು ಎಲ್ಲಕ್ಕಿಂತ ಚೆಂದದ ಹೊತ್ತು ಬರುವಾಗ ಮಗು ನೋಡುವ ಸ್ಥಿತಿಯಲ್ಲೇ ಇರುವುದಿಲ್ಲ.

ದೊಡ್ಡ ಹುಡುಗನ ಬಗ್ಗೆ ನೀವು ಹೇಳಿದ್ದು ಮಾತ್ರ ಪೂರ್ತಿ ಸರಿ. ಹಾಗಿರುವಾಗ ಗುಂಪು ಎರಡಾಗಲಿ. ಇಬ್ಬರು ಹಿರಿಯರು ದೊಡ್ಡ ಮಕ್ಕಳೊಡನೆ ಬೆಳಗ್ಗೆಯೇ ಹೋಗಲಿ, ಉಳಿದವರು ಚಿಕ್ಕವರೊಡನೆ ಮೂರಕ್ಕೆ ಬರಲಿ, ಸಂಜೆಯ ಹೊತ್ತಿಗೆ ಎಲ್ಲರೂ ಒಂದಾಗಲಿ. ಎರಡು ಸಂಸಾರಗಳಿರುವ ನಿಮ್ಮ ಗುಂಪಿನಲ್ಲಿ ಇದು ನಮಗಿಂತ ಸುಲಭ. ಟಿಕೆಟ್ಟಿನ ವಿಷಯದಲ್ಲಿ ಒಂದು ಮಾತು: ವಂಡರ್‌ಲಾದಲ್ಲಿ ಮಕ್ಕಳ ದರವನ್ನು ವಯಸ್ಸಿನಿಂದ ಅಲ್ಲ, ಎತ್ತರದಿಂದ ತೀರ್ಮಾನಿಸುತ್ತಾರೆ. 85 ಸೆಂಟಿಮೀಟರಿಗಿಂತ ಕಡಿಮೆ ಇರುವ ಕೂಸಿಗೆ ಟಿಕೆಟ್ ಬೇಡ, ಅಲ್ಲಿಂದ 140ರವರೆಗೆ ಮಕ್ಕಳ ದರ, ಮೇಲಿನದಕ್ಕೆ ದೊಡ್ಡವರ ದರ. ಹದಿನಾಲ್ಕರ ಹುಡುಗನಿಗೆ ಬಹುಶಃ ದೊಡ್ಡವರ ಟಿಕೆಟ್ಟೇ ಬೇಕಾದೀತು. ಎಲ್ಲರನ್ನೂ ಮನೆಯ ಗೋಡೆಗೆ ನಿಲ್ಲಿಸಿ ಅಳೆದುಕೊಂಡು ಹೊರಟರೆ ಕೌಂಟರಿನ ಮುಂದೆ ಗೊಂದಲವಿರುವುದಿಲ್ಲ.

ಮಡಿಕೇರಿಯ ಮಕ್ಕಳ ವೈದ್ಯೆ:

ಈ ಚರ್ಚೆಯಲ್ಲಿ ಮಕ್ಕಳ ದೇಹದ ವಿಷಯವನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕೆನಿಸಿತು.

ಸಣ್ಣ ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಅವರ ಮೈ ಬಿಸಿಲಿನಲ್ಲಿ ಬೇಗ ಕಾಯುತ್ತದೆ, ನೀರಿನಲ್ಲಿ ಬೇಗ ತಣ್ಣಗಾಗುತ್ತದೆ. ನಮಗೆ ಹಿತವೆನಿಸುವ ನೀರಿನಲ್ಲಿ ಮಗುವಿನ ತುಟಿ ನೀಲಿಗಟ್ಟುವುದು ಇದೇ ಕಾರಣಕ್ಕೆ. ಆಟದ ಉತ್ಸಾಹದಲ್ಲಿರುವ ಮಗು ತನಗೆ ಚಳಿಯಾಗುತ್ತಿದೆ ಎಂದು ಹೇಳುವುದಿಲ್ಲ. ನಡುಕ ಕಾಣಿಸಿದ ಕೂಡಲೇ ಹೊರಗೆ ಕರೆತಂದು, ತಲೆ ಒರೆಸಿ, ಒಣಬಟ್ಟೆ ತೊಡಿಸಿ, ಬೆಚ್ಚಗಿನ ಏನನ್ನಾದರೂ ಕುಡಿಸಬೇಕು. ಸಂಜೆ ಹೋಗುವವರು ನೀರಿನ ಆಟವನ್ನು ಮೊದಲು ಮುಗಿಸಬೇಕೆಂಬ ಸಲಹೆಯನ್ನು ನಾನು ಪೂರ್ತಿಯಾಗಿ ಬೆಂಬಲಿಸುತ್ತೇನೆ.

ಮುಳುಗುವ ಅಪಾಯದ ಬಗ್ಗೆ ಎಲ್ಲರೂ ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಮುಳುಗುತ್ತಿರುವ ಮಗು ಕೂಗುವುದಿಲ್ಲ, ಕೈ ಬೀಸಿ ಕರೆಯುವುದೂ ಇಲ್ಲ. ಉಸಿರಿಗಾಗಿ ಹೆಣಗುವ ದೇಹಕ್ಕೆ ಕೂಗಲು ಅವಕಾಶವೇ ಇರುವುದಿಲ್ಲ, ಎಲ್ಲವೂ ಒಂದು ನಿಮಿಷದೊಳಗೆ ಸದ್ದಿಲ್ಲದೆ ನಡೆದುಹೋಗುತ್ತದೆ. ಮೊಣಕಾಲುದ್ದದ ನೀರೆಂಬ ಧೈರ್ಯದಿಂದ ದಡದಲ್ಲಿ ಕುಳಿತು ಮೊಬೈಲ್ ನೋಡುವ ಹೆತ್ತವರನ್ನು ಕಂಡಾಗ ನನಗೆ ನಿಜವಾಗಿಯೂ ಭಯವಾಗುತ್ತದೆ. ಐದು ವರ್ಷದೊಳಗಿನ ಮಗುವಿನ ಜೊತೆ ಹಿರಿಯರೊಬ್ಬರು ಕೈಗೆಟಕುವ ದೂರದಲ್ಲಿ ನೀರಿನೊಳಗೇ ಇರಬೇಕು. ಲೈಫ್‌ಗಾರ್ಡ್ ಇದ್ದಾರೆಂಬುದು ಇದಕ್ಕೆ ಬದಲಿಯಾಗದು. ಗಾಳಿ ತುಂಬುವ ತೋಳಪಟ್ಟಿಗಳನ್ನೂ ನಂಬಬೇಡಿ, ಅವು ಜಾರುತ್ತವೆ.

ಭೇದಿಯಾಗುತ್ತಿರುವ ಮಗುವನ್ನು ಎಷ್ಟೇ ಹಟ ಹಿಡಿದರೂ ಕೊಳಕ್ಕೆ ಇಳಿಸಬಾರದು. ಭೇದಿ ಉಂಟುಮಾಡುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಕ್ಲೋರಿನ್ ಬೆರೆಸಿದ ನೀರಿನಲ್ಲೂ ದಿನಗಟ್ಟಲೆ ಬದುಕಿರುತ್ತದೆ. ಸಾಧಾರಣ ಡೈಪರ್ ನೀರು ಹೀರಿ ಊದಿಕೊಳ್ಳುವುದರಿಂದ ಈಜಿಗೆಂದೇ ಸಿಗುವ ಡೈಪರ್ ಬಳಸಿ, ಅದನ್ನೂ ಆಗಾಗ ಬದಲಿಸಿ.

ಘಟ್ಟದ ತಿರುವುಗಳಲ್ಲಿ ವಾಂತಿ ಮಾಡುವ ಮಕ್ಕಳು ತಿರುಗುವ ರೈಡುಗಳಲ್ಲೂ ಸಂಕಟಪಡುವುದು ಸಾಮಾನ್ಯ. ಕಣ್ಣು ಕಳುಹಿಸುವ ಸುದ್ದಿಗೂ ಒಳಗಿವಿಯ ಸಮತೋಲನದ ಅಂಗ ಕಳುಹಿಸುವ ಸುದ್ದಿಗೂ ತಾಳೆಯಾಗದಿರುವುದೇ ಎರಡಕ್ಕೂ ಕಾರಣ. ಎರಡು ವರ್ಷದೊಳಗಿನ ಕೂಸುಗಳಲ್ಲಿ ಇದು ಅಪರೂಪ, ಅಲ್ಲಿಂದ ಹನ್ನೆರಡರವರೆಗೆ ಹೆಚ್ಚು. ಪ್ರಯಾಣ ಮುಗಿದ ಕೂಡಲೇ ಅಂಥ ಮಗುವನ್ನು ಸುತ್ತುವ ಆಟಕ್ಕೆ ಹತ್ತಿಸಬೇಡಿ. ನಡುವೆ ಒಂದು ನಿದ್ದೆಯಾದರೆ ತೊಂದರೆ ಬಹಳ ಕಡಿಮೆಯಾಗುತ್ತದೆ.

ಕುಶಾಲನಗರದ ಟ್ಯಾಕ್ಸಿ ಚಾಲಕ:

ರಜೆಯ ದಿನಗಳಲ್ಲಿ ಇಂಥ ಕುಟುಂಬಗಳನ್ನು ಕರೆದೊಯ್ಯುವುದು ನನ್ನ ಕೆಲಸವಾದ್ದರಿಂದ ರಸ್ತೆಯ ಬಗ್ಗೆ ಬರೆಯುತ್ತೇನೆ.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಇಲವಾಲ ದಾಟಿ ಮೈಸೂರು ತಲುಪಿದ ಮೇಲೆ ಬಿಡದಿಗೆ ಹೋಗುವವರು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯನ್ನು ಹಿಡಿಯುತ್ತಾರೆ. ಈ ಹೆದ್ದಾರಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಊರುಗಳನ್ನು ಬೈಪಾಸ್ ಮೂಲಕ ಬಿಟ್ಟು ಹೋಗುತ್ತದೆ. ಪಾರ್ಕಿಗೆ ಹೋಗಲು ಸರಿಯಾದ ಕಡೆಯಲ್ಲಿ ಸರ್ವೀಸ್ ರಸ್ತೆಗೆ ಇಳಿಯದಿದ್ದರೆ ಬೆಂಗಳೂರಿನ ಕಡೆಗೆ ಬಹಳ ದೂರ ಹೋಗಿ ತಿರುಗಿ ಬರಬೇಕಾಗುತ್ತದೆ. ಮಕ್ಕಳು ತಾಳ್ಮೆ ಕಳೆದುಕೊಂಡಿರುವ ಆ ಹೊತ್ತಿನಲ್ಲಿ ಆ ಸುತ್ತು ಯಾರಿಗೂ ಬೇಡ. ದಾರಿಯಲ್ಲಿ ಚನ್ನಪಟ್ಟಣಕ್ಕೆ ಇಳಿದು, ಅರಗಿನ ಬಣ್ಣದ ಮರದ ಗೊಂಬೆಗಳನ್ನು ಮಕ್ಕಳಿಂದಲೇ ಆರಿಸಿಸಿಕೊಂಡು ಹೋಗುವ ಕುಟುಂಬಗಳನ್ನು ಕಂಡರೆ ನನಗೆ ಬಹಳ ಇಷ್ಟ.

ನಾನು ಒತ್ತಿ ಹೇಳಬೇಕಾದದ್ದು ಹಿಂತಿರುಗುವ ವಿಷಯ. ಸಂಜೆಯವರೆಗೆ ಪಾರ್ಕಿನಲ್ಲಿದ್ದವರು ಅದೇ ರಾತ್ರಿ ಕೊಡಗಿಗೆ ಮರಳಬಾರದು. ಆಟವಾಡಿ ದಣಿದ ಅಪ್ಪನೇ ಗಾಡಿ ಓಡಿಸುವುದಾದರೆ ಖಂಡಿತ ಬೇಡ. ಕುಶಾಲನಗರ ದಾಟಿದ ಮೇಲೆ ಆನೆಕಾಡಿನಲ್ಲಿ, ಗೋಣಿಕೊಪ್ಪದ ಕಡೆಯವರಿಗೆ ಆನೆಚೌಕೂರು ಮತ್ತು ತಿತಿಮತಿಯ ದಾರಿಯಲ್ಲಿ ರಾತ್ರಿ ಆನೆಗಳು ರಸ್ತೆಗೆ ಬರುತ್ತವೆ. ನಾಗರಹೊಳೆ ಕಾಡಿನೊಳಗಿಂದ ಕುಟ್ಟದ ಕಡೆಗೆ ಹೋಗುವ ರಸ್ತೆಯನ್ನು ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತಾರೆ. ಆನೆ ಎದುರಾದರೆ ಹಾರ್ನ್ ಮಾಡಬೇಡಿ, ದೀಪವನ್ನು ಡಿಮ್ ಮಾಡಿ ದೂರದಲ್ಲೇ ನಿಲ್ಲಿಸಿ, ಇಳಿಯಬೇಡಿ, ಮಕ್ಕಳಿಗೆ ತೋರಿಸಬೇಕೆಂದು ಗಾಜು ಇಳಿಸಬೇಡಿ. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವರಿಗೆ ಕೈ ಮುಗಿದು ಹೇಳುತ್ತೇನೆ, ಏರ್‌ಬ್ಯಾಗ್ ತೆರೆದುಕೊಂಡರೆ ಅದರ ಹೊಡೆತವೇ ಮಗುವಿನ ಜೀವ ತೆಗೆಯಬಹುದು. ನನ್ನ ಗಾಡಿಯಲ್ಲಿ ಅದಕ್ಕೆ ನಾನು ಒಪ್ಪುವುದೇ ಇಲ್ಲ.

ಮೈಸೂರಿನಲ್ಲಿ ನೆಲೆಸಿರುವ ಪೊನ್ನಂಪೇಟೆಯವಳು:

ಬಿಡದಿಯವರೆಗೆ ಹೋಗಲಾಗದವರು ಮೈಸೂರಿನಲ್ಲೇ ಒಂದು ಒಳ್ಳೆಯ ಸಂಜೆಯನ್ನು ಕಟ್ಟಿಕೊಳ್ಳಬಹುದು. ಕೆ.ಆರ್.ಎಸ್. ರಸ್ತೆಯಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಬಿಡದಿಗಿಂತ ಚಿಕ್ಕದಾದ್ದರಿಂದ ಪುಟ್ಟ ಮಕ್ಕಳ ಕಾಲಿಗೆ ಸುಲಭ. ಅದೇ ರಸ್ತೆಯ ಆರಂಭದಲ್ಲಿ 1979ರಲ್ಲಿ ಸ್ಥಾಪನೆಯಾದ ರೈಲು ವಸ್ತುಸಂಗ್ರಹಾಲಯವಿದೆ, ಅಲ್ಲಿ ಪುಟಾಣಿ ರೈಲು ಓಡುತ್ತದೆ. ಹಳಿಯೇ ಇಲ್ಲದ ಜಿಲ್ಲೆಯ ಮಕ್ಕಳಿಗೆ ನಿಜವಾದ ಉಗಿಬಂಡಿಯ ಗಾಲಿಯನ್ನು ಮುಟ್ಟಿನೋಡುವುದು ಯಾವ ರೈಡಿಗೂ ಕಡಿಮೆಯಲ್ಲ. ರಜೆಗೆ ಬಂದಿದ್ದ ನನ್ನ ಅಕ್ಕನ ಮಗ ಎರಡು ಬೋಗಿಗಳ ನಡುವಿನ ಕೊಂಡಿಯ ಬಗ್ಗೆಯೇ ಊಟದ ಹೊತ್ತಿನವರೆಗೆ ಪ್ರಶ್ನೆ ಕೇಳುತ್ತಿದ್ದ.

ಬೃಂದಾವನ ಉದ್ಯಾನವನ್ನು ಥೀಮ್ ಪಾರ್ಕ್ ಎಂದು ಯಾರೂ ಕರೆಯುವುದಿಲ್ಲ. ಆದರೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಅಣೆಕಟ್ಟಿನ ಬುಡದಲ್ಲಿ ಹಂತಹಂತವಾಗಿ ರೂಪುಗೊಂಡ ಆ ತೋಟ ಕತ್ತಲಾದ ಮೇಲೆ ದೀಪ ಮತ್ತು ಕಾರಂಜಿಗಳಿಂದ ಮಕ್ಕಳನ್ನು ಹಿಡಿದು ನಿಲ್ಲಿಸುತ್ತದೆ. ಕೊಡಗಿನಿಂದ ಬರುವವರು ಮೈಸೂರು ನಗರದೊಳಗೆ ಹೋಗದೆ ಇಲವಾಲದಿಂದಲೇ ಎಡಕ್ಕೆ ತಿರುಗಿ ಕೆ.ಆರ್.ಎಸ್. ತಲುಪಬಹುದು. ಸಂಗೀತ ಕಾರಂಜಿ ಇರುವುದು ಉದ್ಯಾನದ ಆಚೆ ತುದಿಯಲ್ಲಿ. ಮೂರು ವರ್ಷದ ಮಗುವಿಗೆ ಆ ನಡಿಗೆ ದೀರ್ಘವಾದದ್ದು, ಹಿಂತಿರುಗುವಾಗ ಎತ್ತಿಕೊಳ್ಳಲೇಬೇಕಾಗುತ್ತದೆಂದು ತಿಳಿದೇ ಹೊರಡಿ.

ವಿರಾಜಪೇಟೆಯ ತಾಯಿ:

ನನ್ನ ಮಗನಿಗೆ ಜೋರಾದ ಸದ್ದು ಸಹಿಸಲಾಗುವುದಿಲ್ಲ. ನಮ್ಮ ಸುಗ್ಗಿಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಹಾರಿಸುವ ಗುಂಡಿನ ಸದ್ದಿಗೆ ಅವನು ಎರಡೂ ಕಿವಿ ಮುಚ್ಚಿಕೊಂಡು ನನ್ನ ಸೆರಗಿನೊಳಗೆ ಸೇರಿಬಿಡುತ್ತಾನೆ. ಇಂಥ ಮಕ್ಕಳಿರುವವರು ಪಾರ್ಕಿನ ಸಂಜೆಯ ಬಗ್ಗೆ ಇನ್ನೂ ಯೋಚಿಸಬೇಕು, ಏಕೆಂದರೆ ಹಾಡು, ಲೇಸರ್ ದೀಪ ಮತ್ತು ಜನರ ಕೂಗು ಎಲ್ಲವೂ ಸೇರುವುದು ಸಂಜೆಯಲ್ಲೇ. ನಾವು ಕಾರಂಜಿಯ ಪ್ರದರ್ಶನವನ್ನು ಧ್ವನಿವರ್ಧಕಗಳಿಂದ ದೂರ, ಹೊರಹೋಗುವ ದಾರಿಯ ಪಕ್ಕದಲ್ಲಿ ನಿಂತು ನೋಡಿದೆವು. ಕಿವಿಗೆ ಹಾಕುವ ಸದ್ದುತಡೆಯನ್ನು ಮನೆಯಲ್ಲೇ ಕೆಲವು ದಿನ ಅಭ್ಯಾಸ ಮಾಡಿಸಿದ್ದೆ. ಏನಾಗಲಿದೆ ಎಂಬುದನ್ನು ಮೊದಲೇ ಚಿತ್ರ ತೋರಿಸಿ ಹೇಳಿದ್ದರಿಂದ ಅವನು ಅರ್ಧ ಪ್ರದರ್ಶನವನ್ನು ಸಂತೋಷದಿಂದ ನೋಡಿದ, ಸಾಕು ಎಂದಾಗ ಹೊರಟುಬಂದೆವು. ನೋಡದೆ ಉಳಿದ ಅರ್ಧಕ್ಕಾಗಿ ಮನೆಯಲ್ಲಿ ಯಾರೂ ಬೇಸರಪಡಲಿಲ್ಲ. ಮಗುವಿನ ಸಾಕು ಎಂಬ ಮಾತಿಗೆ ಬೆಲೆ ಕೊಟ್ಟರೆ ಮುಂದಿನ ಸಲ ಬರಲು ಅದು ಹೆದರುವುದಿಲ್ಲ ಎಂಬುದನ್ನು ಇತರ ಹೆತ್ತವರಿಗೂ ಹೇಳಬೇಕೆನಿಸಿತು.

ಸೋಮವಾರಪೇಟೆಯ ಯುವಕ:

ನಾನು ಒಂದು ವಾಟರ್ ಪಾರ್ಕಿನಲ್ಲಿ ರೈಡ್ ನೋಡಿಕೊಳ್ಳುವ ಕೆಲಸ ಮಾಡಿದವನು. ಹೆತ್ತವರೊಡನೆ ನಮಗೆ ಹೆಚ್ಚು ಜಗಳವಾಗುತ್ತಿದ್ದದ್ದು ರೈಡು ಹತ್ತಲು ಬೇಕಾದ ಎತ್ತರವನ್ನು ತೋರಿಸುವ ಗೆರೆಯ ಬಳಿ. ನಮ್ಮ ಮಗ ಧೈರ್ಯವಂತ, ಹತ್ತಿಸಿ ಎನ್ನುತ್ತಾರೆ. ಆ ಗೆರೆಗೂ ಧೈರ್ಯಕ್ಕೂ ಸಂಬಂಧವಿಲ್ಲ. ತೊಡೆಯ ಮೇಲೆ ಇಳಿಯುವ ಕಂಬಿ, ಹೆಗಲನ್ನು ಹಿಡಿಯುವ ಪಟ್ಟಿ ಇವೆಲ್ಲ ಒಂದು ಅಳತೆಯ ದೇಹವನ್ನು ಲೆಕ್ಕ ಹಾಕಿ ಮಾಡಿದವು. ಅದಕ್ಕಿಂತ ಚಿಕ್ಕ ದೇಹ ಕಂಬಿಯ ಅಡಿಯಿಂದ ಜಾರಬಹುದು. ಸಣ್ಣ ಮಕ್ಕಳ ತಲೆ ಮೈಗೆ ಹೋಲಿಸಿದರೆ ಭಾರವಾಗಿದ್ದು ಕುತ್ತಿಗೆ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಹಠಾತ್ ಎಳೆತವನ್ನು ಅದು ತಾಳಲಾರದು. ಎತ್ತರ ಹೆಚ್ಚಿಸಲು ಮಗುವಿನ ಚಪ್ಪಲಿಯೊಳಗೆ ಬಟ್ಟೆ ತುರುಕಿ ಕರೆತಂದವರನ್ನೂ ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬೇಡ ಎನ್ನುವ ರೈಡಿನ ಹುಡುಗನಿಗೆ ನಿಮ್ಮ ಮಗುವಿನ ಮೇಲೆ ಯಾವ ದ್ವೇಷವೂ ಇರುವುದಿಲ್ಲ.

ಬಟ್ಟೆಯ ವಿಷಯವೂ ಹೀಗೆಯೇ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ ಮತ್ತು ಅದರ ನೂಲು ನೀರು ಶುದ್ಧ ಮಾಡುವ ಯಂತ್ರಕ್ಕೆ ಹೋಗಿ ಸೇರುತ್ತದೆ, ಅದಕ್ಕಾಗಿಯೇ ನೈಲಾನ್ ಬಟ್ಟೆ ಕೇಳುತ್ತಾರೆ. ಮನೆಯಿಂದಲೇ ತಂದರೆ ಅಲ್ಲಿ ಕೊಳ್ಳುವ ಖರ್ಚು ಉಳಿಯುತ್ತದೆ.

ಕತ್ತಲಾಗುವಾಗ ಮಕ್ಕಳು ತಪ್ಪಿಸಿಕೊಳ್ಳುವುದು ಹೆಚ್ಚು. ಬಟ್ಟೆ ಬದಲಿಸಿದ ಮೇಲೆ ಮಗುವಿನ ಹೊಸ ಫೋಟೊ ಒಂದನ್ನು ತೆಗೆದಿಟ್ಟುಕೊಳ್ಳಿ, ಏಕೆಂದರೆ ಗಾಬರಿಯಲ್ಲಿ ಮಗು ಯಾವ ಬಣ್ಣದ ಅಂಗಿ ತೊಟ್ಟಿತ್ತೆಂದು ಹೆತ್ತವರಿಗೇ ನೆನಪಾಗುವುದಿಲ್ಲ. ಫೋನ್ ಸಂಖ್ಯೆಯನ್ನು ಮಗುವಿನ ತೋಳಿನ ಮೇಲೆ ಪೆನ್ನಿನಲ್ಲಿ ಬರೆಯಿರಿ. ತಪ್ಪಿಹೋದರೆ ಸಮವಸ್ತ್ರ ತೊಟ್ಟವರ ಬಳಿಗೆ ಹೋಗಬೇಕೆಂದು ಒಳಗೆ ಹೋಗುವಾಗಲೇ ಅಂಥ ಒಬ್ಬರನ್ನು ತೋರಿಸಿ ಹೇಳಿಕೊಡಿ.

ಶನಿವಾರಸಂತೆಯ ಅಜ್ಜ:

ಇದನ್ನೆಲ್ಲ ಮೊಮ್ಮಗಳು ಓದಿ ಹೇಳಿದಳು. ಮಗು ಮಧ್ಯಾಹ್ನ ಮಲಗಿ ಸಂಜೆ ಆಟ ನೋಡಬೇಕೆಂಬುದು ನಮ್ಮ ಕಡೆಗೆ ಹೊಸದಲ್ಲ. ಮಡಿಕೇರಿ ದಸರೆಗೆ ಹೊರಡುವ ದಿನ ನಮ್ಮ ತಾಯಿ ಊಟವಾದ ಕೂಡಲೇ ಎಲ್ಲ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಮಲಗಿಸುತ್ತಿದ್ದರು. ಮಲಗದವನಿಗೆ ಮಂಟಪ, ಅಂದರೆ ದೇವತೆಗಳ ಮೂರ್ತಿಗಳನ್ನು ಹೊತ್ತ ಮೆರವಣಿಗೆಯ ಗಾಡಿ, ನೋಡಲು ಇಲ್ಲ ಎಂಬ ಮಾತು ಇತ್ತು. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಹೊರಟು ಬೆಳಗಿನವರೆಗೂ ನಡೆಯುವ ಆ ಉತ್ಸವವನ್ನು ನಾವು ಅಪ್ಪನ ಹೆಗಲ ಮೇಲಿಂದ ನೋಡಿದವರು. ದೀಪಗಳ ನಡುವೆ ದೇವತೆಗಳ ಮತ್ತು ರಾಕ್ಷಸರ ಮೂರ್ತಿಗಳು ಕೈಕಾಲು ಆಡಿಸುವುದನ್ನು ಕಂಡಾಗ ಆಗುತ್ತಿದ್ದ ಸಂತೋಷ ಈಗಲೂ ಮೈಯಲ್ಲಿದೆ. ಮಕ್ಕಳಿಗೆ ರಾತ್ರಿಯ ಬೆಳಕಿನಲ್ಲಿ ಕಾಣುವುದು ಹಗಲಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ ಎಂದು ನಾನು ನಂಬುತ್ತೇನೆ.

ಹಿರಿಯರನ್ನು ಜೊತೆಗೆ ಕರೆದೊಯ್ಯುವವರು ಒಳಗೆ ಹೋದ ಕೂಡಲೇ ಶೌಚಾಲಯ ಎಲ್ಲಿದೆ, ಕೂರುವ ಜಾಗ ಎಲ್ಲಿದೆ ಎಂದು ತೋರಿಸಿಬಿಡಿ. ಕೇಳಲು ಸಂಕೋಚಪಟ್ಟು ನೀರನ್ನೇ ಕುಡಿಯದೆ ಕುಳಿತುಕೊಳ್ಳುವ ಅಜ್ಜಿಯರು ಇರುತ್ತಾರೆ.

ಗೋಣಿಕೊಪ್ಪದ ವ್ಯಾಪಾರಿ:

ಗುಂಪನ್ನು ಎರಡು ಮಾಡುವ ಯೋಚನೆಯನ್ನು ಮನೆಯಲ್ಲಿ ಹೇಳಿದೆ, ಎಲ್ಲರೂ ಒಪ್ಪಿದರು. ಕೋಣೆಯ ಖರ್ಚಿನ ಬಗ್ಗೆ ನನ್ನ ಅಸಮಾಧಾನ ಪೂರ್ತಿ ಹೋಗಿಲ್ಲ. ಆದರೆ ಆನೆಚೌಕೂರಿನ ದಾರಿಯಲ್ಲಿ ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸುವುದಕ್ಕಿಂತ ಅದು ಕಡಿಮೆ ಬೆಲೆಯೆಂಬ ಚಾಲಕರ ಮಾತಿನ ಅರ್ಥವನ್ನು ಒಪ್ಪುತ್ತೇನೆ. ಒಂದು ಪ್ರಶ್ನೆ ಉಳಿದಿದೆ: ಮುಚ್ಚುವ ಹೊತ್ತಿಗೆ ಎಲ್ಲರೂ ಒಮ್ಮೆಲೇ ಹೊರಬರುವಾಗ ಚಿಕ್ಕ ಮಕ್ಕಳನ್ನು ಹೇಗೆ ಸಂಭಾಳಿಸಿದಿರಿ? ಮತ್ತೆ ಊಟಕ್ಕೇನು ಮಾಡಿದಿರಿ?

ಸುಂಟಿಕೊಪ್ಪದ ತೋಟದ ಮನೆ:

ಕಾರಂಜಿಯ ಪ್ರದರ್ಶನ ಮುಗಿಯುವ ಸ್ವಲ್ಪ ಮೊದಲೇ ನಾನು ಒಬ್ಬನೇ ಹೋಗಿ ಲಾಕರಿನಿಂದ ಸಾಮಾನು ತೆಗೆದುಕೊಂಡು ಗಾಡಿಯನ್ನು ಬಾಗಿಲಿನ ಸಮೀಪಕ್ಕೆ ತಂದೆ. ಹೆಂಡತಿ ಮತ್ತು ಅಮ್ಮ ಮಕ್ಕಳನ್ನು ಕರೆದುಕೊಂಡು, ಜನರ ಮೊದಲ ನೂಕು ಕಳೆಯಲೆಂದು ಒಳಗಿನ ಬೆಂಚಿನ ಮೇಲೆ ಕುಳಿತಿದ್ದು, ಆಮೇಲೆ ನಿಧಾನವಾಗಿ ಹೊರಬಂದರು. ಊಟದ ವಿಷಯದಲ್ಲಿ, ಹೊರಗಿನ ತಿಂಡಿಯನ್ನು ಸಾಮಾನ್ಯವಾಗಿ ಇಂಥ ಕಡೆ ಒಳಗೆ ಬಿಡುವುದಿಲ್ಲ, ಹಸುಗೂಸಿನ ಆಹಾರಕ್ಕೆ ಮ್ಯಾನೇಜರನ್ನು ಕೇಳಿ ಅನುಮತಿ ಪಡೆಯಬಹುದು. ನಾವು ಮನೆಯಿಂದ ತಂದ ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ ಮತ್ತು ನೇಂದ್ರ ಬಾಳೆಹಣ್ಣನ್ನು ಕೋಣೆಯಲ್ಲೇ ತಿಂದು ಹೋಗಿದ್ದರಿಂದ ಒಳಗೆ ಒಂದು ಸಲದ ಬಿಸಿ ತಿಂಡಿ ಸಾಕಾಯಿತು. ನಾಲ್ಕು ಗಂಟೆಯ ಸಂಜೆಗೆ ಒಂದೇ ತಿಂಡಿಯ ಖರ್ಚಾಗುತ್ತದೆ, ಇಡೀ ಹಗಲಿಗಾದರೆ ಎರಡು ಊಟ ಮತ್ತು ಲೆಕ್ಕವಿಲ್ಲದಷ್ಟು ಐಸ್‌ಕ್ರೀಮ್ ಆಗುತ್ತದೆ. ಕೋಣೆಯ ಬಾಡಿಗೆಯ ಒಂದು ಪಾಲು ಅಲ್ಲಿಯೇ ಉಳಿಯಿತು.

ಇನ್ನು ನನ್ನದೊಂದು ಪ್ರಶ್ನೆ. ದಸರಾ ರಜೆಯಲ್ಲಿ ಮಾಕುಟ್ಟ ಘಾಟಿ ಇಳಿದು ಕೇರಳದ ಕಣ್ಣೂರಿನ ಕಡೆಯ ಪರಶ್ಶಿನಿಕಡವಿನ ವಿಸ್ಮಯ ಪಾರ್ಕಿಗೆ ಹೋಗಬೇಕೆಂಬ ಯೋಚನೆ ಮನೆಯಲ್ಲಿದೆ. ವಿರಾಜಪೇಟೆಯ ಕಡೆಯವರು ಪುಟ್ಟ ಮಕ್ಕಳೊಡನೆ ಅಲ್ಲಿಗೆ ಹೋಗಿ ಬಂದಿದ್ದರೆ, ಮಕ್ಕಳ ಕೊಳಕ್ಕೆ ನೆರಳಿದೆಯೇ, ಹತ್ತಿರದಲ್ಲಿ ಮಧ್ಯಾಹ್ನ ಮಲಗಲು ಕೋಣೆ ಸಿಗುತ್ತದೆಯೇ, ಮಳೆ ಬಿಟ್ಟ ಹೊಸತರಲ್ಲಿ ಘಾಟಿಯ ರಸ್ತೆ ಹೇಗಿರುತ್ತದೆ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.